ಹಿತ್ತಾಳೆಯ ಮೇಲಿನ ಎಂಟು ಅಂಕಿ

೧೯೯೫ರ ನವೆಂಬರ್ ಹದಿಮೂರು, ಕಾರ್ತಿಕ ಸೋಮವಾರ. ವಾಷಿಂಗ್ಟನ್ ಹತ್ತಿರದ ಫೇರ್‌ಫ್ಯಾಕ್ಸಿನ ನರ್ಸಿಂಗ್ ಹೋಮಿನ ಹಿಂಬಾಗಿಲ ಹತ್ತಿರ ಕಾರು ನಿಲ್ಲಿಸಿದ ಬದರಿನಾಥ, ಹೆಂಡತಿ ಇಳಿಯುವ ಮೊದಲು ರೇಡಿಯೋದ ಸದ್ದು ತಗ್ಗಿಸಿದ.

"ಬಜೆಟ್ ಜಗಳದಲ್ಲಿ ನಾಳೆಯಿಂದ ಗೌರ್ಮೆಂಟೇ ಬಾಗಿಲು ಹಾಕತ್ತಂತೆ ಕಣೇ. ನಮ್ಮ ಆಫೀಸಲ್ಲೂ ಎಲ್ರೂ ಮನೇಗೇ. ನಿಂಗೇನು ಆಗ್ಬೇಕಿದ್ರೂ ಇವತ್ತೇ."

"ಗೊತ್ತು ರೀ."

"ಫೋನ್ ಮಾಡಿ ಮಾಡಿ ತಲೆ ತಿನ್ನು. 'ಯೆಸ್ ಮೇಡಂ, ಯೆಸ್ ಮೇಡಂ' ಅಂತ ಕೂತ್ಕೋಬೇಡ. ನಿನ್ನ ಇಂಗ್ಲಿಷ್ ಹತ್ತು ನಿಮಿಷ ಕೇಳಿದ್ರೆ, ಇವಳಿಂದ ತಪ್ಪಿಸ್ಕೊಂಡ್ರೆ ಸಾಕು ಅಂತ ಅವರೇ ಕೆಲಸ ಮಾಡ್ಕೊಡ್ತಾರೆ."

ಬೇರೆ ದಿನವಾಗಿದ್ದರೆ ವರಲಕ್ಷ್ಮಿ ನಗುತ್ತಿದ್ದಳು. ಇವತ್ತು ಸೆರಗಿಲ್ಲದ ಆ ನೀಲಿ ಯೂನಿಫಾರ್ಮಿನ ಜೇಬು ಮುಟ್ಟಿಕೊಂಡು, ಒಳಗೆ ಫೋನ್ ನಂಬರಿನ ಚೀಟಿ ಇದೆಯೆಂದು ಖಾತ್ರಿ ಮಾಡಿಕೊಂಡು ಇಳಿದಳು. ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಸಂಜೆ ದೀಪ ಹಚ್ಚುವ ತನಕ ಉಪವಾಸ.

ಮೂರು ಮೈಲಿ ಆಚೆ ಶವಸಂಸ್ಕಾರದ ಕಂಪನಿಯೊಂದರ ತಣ್ಣನೆಯ ಕೋಣೆಯಲ್ಲಿ ವೆಸ್ಲಿ ಟಿಮನ್ಸ್ ಎಂಬ ಎಪ್ಪತ್ತೈದು ವರ್ಷದ ಮುದುಕರು ಮಲಗಿದ್ದರು. ಗುರುವಾರ ಬೆಳಗ್ಗೆ ತೀರಿಕೊಂಡಿದ್ದರು. ಹೆಂಡತಿ ಎಂದೋ ಹೋಗಿದ್ದಳು. ಮಕ್ಕಳಿರಲಿಲ್ಲ, ಇದ್ದೊಬ್ಬ ಅಕ್ಕನೂ ಇಲ್ಲ. ಅವರು ಸೈನಿಕರಾಗಿದ್ದರೆಂದು ಇವತ್ತು ಸಂಜೆಯೊಳಗೆ ರುಜುವಾತು ಸಿಕ್ಕರೆ ಕ್ವಾಂಟಿಕೋದ ಸೈನಿಕರ ಸ್ಮಶಾನಕ್ಕೆ ಹೋಗುವರು. ಸಿಗದಿದ್ದರೆ ವಾರಸುದಾರರಿಲ್ಲದ ಹೆಣವೆಂದು ನಾಳೆ ಬೆಳಗ್ಗೆ ಕೌಂಟಿಯವರು, ಎಂದರೆ ಅಲ್ಲಿಯ ಜಿಲ್ಲಾಡಳಿತದವರು, ಒಯ್ದು ಸುಡುವರು. ಬೂದಿ ಹೆಸರಿಲ್ಲದ ಹತ್ತಾರು ಬೂದಿಗಳ ಜೊತೆ ಒಂದೇ ಗುಂಡಿಗೆ.

ಸುಡುವುದರಲ್ಲಿ ವರಲಕ್ಷ್ಮಿಗೆ ತಪ್ಪೇನೂ ಕಾಣುತ್ತಿರಲಿಲ್ಲ. ಅವಳ ಅಪ್ಪನನ್ನೂ ಸುಟ್ಟಿದ್ದೇ. ಆದರೆ ಟಿಮನ್ಸ್ ಕೇಳಿಕೊಂಡಿದ್ದು ಅದಲ್ಲ. ಅವರು ಕೇಳಿದ್ದಕ್ಕೆ ಅವಳು "ಆಯ್ತು, ನಾನು ನೋಡ್ಕೋತೀನಿ" ಎಂದುಬಿಟ್ಟಿದ್ದಳು.

ಈ ಕೆಲಸಕ್ಕೆ ವರಲಕ್ಷ್ಮಿ ಬಂದದ್ದು ಒಂದು ಆಕಸ್ಮಿಕ. ಗಂಡನ ಜೊತೆ ಬೆಂಗಳೂರಿನಿಂದ ಬಂದಾಗ ಅವಳಿಗೆ ನಲವತ್ತು. ಪಕ್ಕದ ಮನೆಯ ಅಜ್ಜಿಯೊಬ್ಬಳು ಬಿದ್ದು ಸೊಂಟ ಮುರಿದುಕೊಂಡಾಗ, ನರ್ಸಿಂಗ್ ಹೋಮಿಗೆ ದಿನವೂ ಹೋಗಿ ತಲೆ ಬಾಚಿ ಬರುತ್ತಿದ್ದಳು. ಅಲ್ಲಿಯ ಮೇಲ್ವಿಚಾರಕಿ ನೋಡಿ ನೋಡಿ, "ನೀನು ಹೇಗೂ ಬರ್ತೀಯಲ್ಲ, ಕೆಲಸಕ್ಕೇ ಸೇರಿಬಿಡು" ಎಂದಳು. ಎಂಟು ವಾರದ ತರಬೇತಿ ಮುಗಿಸಿ ಸೇರಿದಳು. ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ತುತ್ತು ತಿನ್ನಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಕಥೆಯನ್ನು ನಲವತ್ತನೆಯ ಸಲವೂ ಮೊದಲ ಸಲದಂತೆ ಕೇಳುವುದು.

ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಸಿಕ್ಕುವ ಜಯಾ ಮಾತ್ರ ಬಿಡುತ್ತಿರಲಿಲ್ಲ. "ಏನ್ರೀ ವರಲಕ್ಷ್ಮಿ, ಊರಲ್ಲಿ ಅತ್ತೆ ಮಡಿ ನೀರು ಮುಟ್ಟಕ್ಕೆ ಬಿಡ್ತಿರ್ಲಿಲ್ಲ ಅಂತಿದ್ರಿ. ಇಲ್ಲಿ ಬಂದು ಪರದೇಶಿ ಮುದುಕರ ಬೆಡ್‌ಪ್ಯಾನ್ ತೊಳೀತಾ ಇದೀರಲ್ಲ!"

"ಅದೂ ಒಂದು ಮಡೀನೇ ಜಯಾ," ಎಂದು ಪ್ರಸಾದದ ತಟ್ಟೆ ಮುಂದಕ್ಕೆ ಸರಿಸುತ್ತಿದ್ದಳು.

ಟಿಮನ್ಸ್ ಬಂದದ್ದು ಎರಡು ವರ್ಷದ ಹಿಂದೆ. ಎತ್ತರದ ಆಳು, ಸೌತ್ ಕ್ಯಾರೊಲಿನಾದ ಸಮ್ಟರ್ ಎಂಬ ಊರಿನವರು. ಮೊದಲ ದಿನ ಅವಳ ಹಣೆಯ ಕುಂಕುಮವನ್ನು ಬಹಳ ಹೊತ್ತು ನೋಡಿ, "ನೀರು ಕೊಡು" ಎಂದರು. ಕನ್ನಡದಲ್ಲಿ! ಕೈಯಲ್ಲಿದ್ದ ಚಾದರ ಜಾರಿ ಬಿತ್ತು. ಅವರಿಗೆ ಗೊತ್ತಿದ್ದ ಕನ್ನಡ ಅಷ್ಟೇ: ನೀರು ಕೊಡು, ಸ್ವಲ್ಪ, ಬೇಡ, ಸಾಕು. ಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಅಮೆರಿಕದ ಸೈನ್ಯ ನಡೆಸುತ್ತಿದ್ದಾಗ ಅವರು ಅಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದರಂತೆ. ವರಲಕ್ಷ್ಮಿಯ ಅಪ್ಪ ತ್ಯಾಗರಾಜಯ್ಯನವರೂ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿದ್ದರೋ ಇಲ್ಲವೋ, ಸಾವಿರಾರು ಜನರ ನಡುವೆ ಯಾರಿಗೆ ಗೊತ್ತು? ಆದರೂ ಅಂದಿನಿಂದ ಆ ಮುದುಕರು ಅವಳಿಗೆ ಅಪ್ಪನ ಕಡೆಯವರಾದರು.

ಅವರ ಮಂಚದ ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬು ಇತ್ತು. ಬಳೇಪೇಟೆಯ ಪಾತ್ರೆ ಅಂಗಡಿಯಲ್ಲಿ ೧೯೪೪ರಲ್ಲಿ ಕೊಂಡದ್ದು. ನಮ್ಮವರು ಪಾತ್ರೆಗೆ ಹೆಸರು ಕೆತ್ತಿಸುವುದನ್ನು ಕಂಡು, ಅವರೂ ಅವರ ಗೆಳೆಯ ಅರ್ಲ್ ಎಂಬುವನೂ ತಲಾ ಒಂದು ಚೊಂಬಿನ ಮೇಲೆ ಹೆಸರು ಹಾಕಿಸಿಕೊಂಡರಂತೆ.

"ಇಲ್ಲಿ ನೋಡು, ನಿಮ್ಮ ಭಾಷೆಯಲ್ಲಿ ನನ್ನ ಹೆಸರು," ಎಂದು ಚೊಂಬಿನ ಕತ್ತಿನ ಕೆಳಗೆ ಬೆರಳಿಟ್ಟು ತೋರಿಸಿದ್ದರು.

ವರಲಕ್ಷ್ಮಿ ಕಣ್ಣು ಹಾಯಿಸಿದಳು. ಅಲ್ಲಿ ಹೆಸರಿರಲಿಲ್ಲ. ಚುಕ್ಕಿ ಚುಕ್ಕಿಯಾಗಿ ಹೊಡೆದ ಕನ್ನಡ ಅಂಕಿಗಳ ಒಂದು ಸಾಲು, ಅಷ್ಟೇ. ಅಂಗಡಿಯ ಸರಕಿನ ನಂಬರೋ ತೂಕವೋ ಇರಬೇಕು. ಪಾಪ, ಭಾಷೆ ತಿಳಿಯದ ಹುಡುಗನಿಗೆ ಆ ಕೆತ್ತುವವನು ಮೋಸ ಮಾಡಿದ್ದಾನೆ ಎಂದುಕೊಂಡಳು. ಐವತ್ತು ವರ್ಷ ಜೋಪಾನ ಮಾಡಿದ ಸಂತೋಷವನ್ನು ಕೆಡಿಸಲು ಮನಸ್ಸು ಬರಲಿಲ್ಲ. "ಹೌದು, ಚೆನ್ನಾಗಿ ಬರೆದಿದ್ದಾನೆ," ಎಂದಳು. ಚೊಂಬು ಕಪ್ಪುಗಟ್ಟಿತ್ತು. ಅವತ್ತೇ ಮನೆಯಿಂದ ಹುಣಸೆಹಣ್ಣು, ಉಪ್ಪು ತಂದು ಥಳಥಳ ಬೆಳಗಿ ಇಟ್ಟಳು. ಆಮೇಲೆ ಪ್ರತಿ ಶುಕ್ರವಾರವೂ ಅದನ್ನು ಬೆಳಗುವುದು ವಾಡಿಕೆಯಾಯಿತು. ದೇವರ ಪಾತ್ರೆಗಳ ಜೊತೆ ಅದೂ ಒಂದು.

ಅರ್ಲ್‌ನ ಕಥೆಯನ್ನು ಟಿಮನ್ಸ್ ಒಂದೇ ಸಲ ಹೇಳಿದ್ದು. ಟಿಮನ್ಸ್ ಕೈಯಾರೆ ರಿಪೇರಿ ಮಾಡಿದ ವಿಮಾನದಲ್ಲೇ ಅವನು ಹಿಮಾಲಯ ದಾಟಿ ಚೀನಾಕ್ಕೆ ಹೊರಟ. ಮುಟ್ಟಲಿಲ್ಲ. ಹೆಣವೂ ಸಿಗಲಿಲ್ಲ, ಚೊಂಬೂ ಸಿಗಲಿಲ್ಲ. "ಎಂಜಿನ್ನಿನ ತಪ್ಪೋ, ಮೋಡದ ತಪ್ಪೋ, ನನಗೆ ಇವತ್ತಿಗೂ ಗೊತ್ತಿಲ್ಲ," ಎಂದು ಕಿಟಕಿಯ ಕಡೆ ತಿರುಗಿದರು. "ಅವನಿಗೆ ಗೋರಿಯ ಕಲ್ಲಿಲ್ಲ ವರಾ. ನನ್ನನ್ನಾದರೂ ನಮ್ಮ ಹುಡುಗರ ಸಾಲಿನಲ್ಲಿ ಮಲಗಿಸಿ. ಹೆಸರಿರುವ ಕಲ್ಲು ಇರಲಿ. ನೋಡಿಕೊಳ್ತೀಯಾ?"

ಅವಳು ಮಾತು ಕೊಟ್ಟದ್ದು ಆಗಲೇ. ಮುಂದಿನ ತಿಂಗಳು ಲಕ್ವ ಹೊಡೆದು ಅವರ ಮಾತು ನಿಂತಿತು. ಕೊನೆಯ ಹದಿನೈದು ತಿಂಗಳು ಒಂದು ಶಬ್ದವೂ ಇಲ್ಲ, ನಾಲ್ಕು ಕನ್ನಡ ಪದಗಳೂ ಇಲ್ಲ.

ಗುರುವಾರ ಅವರು ಹೋದ ಮೇಲೆ ಸಮಾಜ ಸೇವಕಿ ಮಿಸ್ ಡನ್‌ಲ್ಯಾಪ್ ಕಡತ ತೆರೆದು ನೋಡಿದಳು. ಸೈನ್ಯದ ಒಂದು ಕಾಗದವೂ ಇರಲಿಲ್ಲ. ಬಿಡುಗಡೆ ಪತ್ರವನ್ನು ಸಮ್ಟರಿನ ಅಕ್ಕನ ಮನೆಯ ಪೆಟ್ಟಿಗೆಯಲ್ಲಿಟ್ಟಿದ್ದರು. ಎಂಬತ್ತೊಂಬತ್ತರ ಹ್ಯೂಗೋ ಚಂಡಮಾರುತ ಆ ಮನೆಯ ಸೂರನ್ನೇ ಎತ್ತಿಕೊಂಡು ಹೋಗಿತ್ತು. ಸೇಂಟ್ ಲೂಯಿಸಿನಲ್ಲಿ ಸೈನ್ಯದ ಹಳೆಯ ದಾಖಲೆಗಳಿರುವ ಕಟ್ಟಡಕ್ಕೆ ಎಪ್ಪತ್ಮೂರರಲ್ಲಿ ಬೆಂಕಿ ಬಿದ್ದು ಲಕ್ಷಾಂತರ ಜನರ ಕಡತ ಉರಿದುಹೋಗಿತ್ತು. ಶುಕ್ರವಾರ ವಿಚಾರಿಸೋಣವೆಂದರೆ ನಿವೃತ್ತ ಸೈನಿಕರ ದಿನದ ರಜೆ. ಸೈನಿಕರನ್ನು ನೆನೆಯಲೆಂದೇ ಕಚೇರಿಗಳೆಲ್ಲ ಮುಚ್ಚಿದ್ದವು. ಶನಿವಾರ, ಭಾನುವಾರ ಹೇಗೂ ಇಲ್ಲ. ಮಂಗಳವಾರದಿಂದ ಸರ್ಕಾರವೇ ಇಲ್ಲ. ಉಳಿದದ್ದು ಈ ಒಂದು ಸೋಮವಾರ.

ಹತ್ತು ಗಂಟೆಗೆ ಡನ್‌ಲ್ಯಾಪಳ ಕೋಣೆಯಿಂದ ಸೇಂಟ್ ಲೂಯಿಸಿಗೆ ಲೈನು ಸಿಕ್ಕಿತು. ಆ ಕಡೆಯ ಹೆಂಗಸಿನ ದನಿ ಆಗಲೇ ಬಳಲಿತ್ತು.

"ಹೆಸರೊಂದೇ ಸಾಲದು. ಟಿಮನ್ಸ್ ಹೆಸರಿನವರು ಬೇಕಾದಷ್ಟಿದ್ದಾರೆ, ಆ ಕಾಲದ ಕಡತಗಳು ಸುಟ್ಟಿವೆ. ಸಂಬಳದ ಚೀಟಿಗಳು ಬೇರೆ ಕಡೆ ಉಳಿದಿವೆ, ಆದರೆ ಅವನ್ನು ಹುಡುಕಲು ಸೈನಿಕನ ನಂಬರ್ ಬೇಕು. ಕತ್ತಿನ ಬಿಲ್ಲೆಯ ಮೇಲೆ ಇರುತ್ತಲ್ಲ, ಎಂಟು ಅಂಕಿ. ದಕ್ಷಿಣದ ರಾಜ್ಯಗಳಿಂದ ಕಡ್ಡಾಯವಾಗಿ ಸೇರಿಸಿಕೊಂಡವರಾದರೆ ಮೂರು, ನಾಲ್ಕು ಅಂತ ಶುರುವಾಗಬೇಕು."

"ಬಿಲ್ಲೆ ಇಲ್ಲ," ಎಂದಳು ಡನ್‌ಲ್ಯಾಪ್.

ಸ್ಪೀಕರಿನ ಪಕ್ಕ ನಿಂತಿದ್ದ ವರಲಕ್ಷ್ಮಿ ಥಟ್ಟನೆ ಮೇಜು ಹಿಡಿದುಕೊಂಡಳು. ಮೂರು, ನಾಲ್ಕು. ಎರಡು ವರ್ಷದಿಂದ ಪ್ರತಿ ಶುಕ್ರವಾರ ಅವಳ ಹೆಬ್ಬೆರಳ ಕೆಳಗೆ ಹಾದುಹೋದ ಸಾಲು. ಆ ಕೆತ್ತುವವನು ಮೋಸ ಮಾಡಿರಲಿಲ್ಲ! ಟಿಮನ್ಸ್ ಕತ್ತಿನ ಬಿಲ್ಲೆಯನ್ನು ಬಿಚ್ಚಿ ಅವನ ಮುಂದಿಟ್ಟಿದ್ದಾರೆ. ಇಂಗ್ಲಿಷ್ ಅಕ್ಷರ ಬಾರದ ಅವನಿಗೆ ಅಂಕಿ ಮಾತ್ರ ಗೊತ್ತಿತ್ತು. ಗೊತ್ತಿದ್ದಷ್ಟನ್ನು ನಿಯತ್ತಾಗಿ ಕನ್ನಡಕ್ಕೆ ಇಳಿಸಿದ್ದಾನೆ.

"ಒಂದು ನಿಮಿಷ! ಫೋನ್ ಇಡಬೇಡಿ!"

ಸತ್ತವರ ಸಾಮಾನಿಟ್ಟ ರಟ್ಟಿನ ಪೆಟ್ಟಿಗೆ ಕಪಾಟಿನಲ್ಲೇ ಇತ್ತು. ಚೊಂಬನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಚಿನ್ನದ ಹಾಗೆ ಹೊಳೆಯಿತು. ಮೊದಲು ಅಷ್ಟು ಸ್ಪಷ್ಟವಾಗಿದ್ದ ಚುಕ್ಕಿಗಳು ಈಗ ಅಲ್ಲಲ್ಲಿ ನುಣ್ಣಗಾಗಿ ಮಾಯವಾಗಿದ್ದವು. ಐವತ್ತು ವರ್ಷ ಕಪ್ಪಿನೊಳಗೆ ಭದ್ರವಾಗಿದ್ದದ್ದನ್ನು ಅವಳ ಹುಣಸೆಹಣ್ಣು, ಉಪ್ಪು ನೂರು ಶುಕ್ರವಾರಗಳಲ್ಲಿ ತಿಂದುಹಾಕಿದ್ದವು.

ಆರು ಅಂಕಿ ಓದಬಹುದಿತ್ತು. ನಾಲ್ಕನೆಯದೂ ಐದನೆಯದೂ ಅನುಮಾನ. ಕಣ್ಣು ಕಿರಿದು ಮಾಡಿ, ಒಂದನ್ನು ಮೂರೆಂದೂ ಇನ್ನೊಂದನ್ನು ಒಂದೆಂದೂ ಹೇಳಿಬಿಟ್ಟಳು.

"ನೋಡಿ ಫೋನ್ ಮಾಡ್ತೇವೆ," ಎಂದಿತು ಆ ಕಡೆ.

ಮಧ್ಯಾಹ್ನದ ಊಟ ಬಡಿಸಿದಳು. ಇಬ್ಬರ ಮಗ್ಗುಲು ತಿರುಗಿಸಿದಳು. ಎಲ್ಲಿ ಫೋನ್ ರಿಂಗಣಿಸಿದರೂ ಕಿವಿ ಅಲ್ಲಿಗೆ. ಎರಡೂಕಾಲು ಗಂಟೆಗೆ ಡನ್‌ಲ್ಯಾಪ್ ಬಾಗಿಲಲ್ಲಿ ನಿಂತಳು. ಮುಖ ನೋಡಿದೊಡನೆ ತಿಳಿಯಿತು.

"ಆ ನಂಬರ್ ಅಲಬಾಮಾದ ಬೇರೊಬ್ಬನದು. ವರಾ, ಅವರು ಹೇಳಿದರು, ಊಹೆಯ ನಂಬರ್ ಇನ್ನು ಕೊಡಬೇಡಿ ಅಂತ. ನಾಳೆ ಮುಚ್ಚುತ್ತದೆ ಅಂತ ಇಡೀ ದೇಶವೇ ಇವತ್ತು ಅವರಿಗೆ ಫೋನ್ ಮಾಡುತ್ತಿದೆ. ಇನ್ನೊಂದೇ ಸಲ ಹುಡುಕುತ್ತಾರಂತೆ, ಅದೂ ಅಲ್ಲಿಯ ನಾಲ್ಕೂವರೆಯೊಳಗೆ."

ಅಲ್ಲಿಯ ಗಡಿಯಾರ ಒಂದು ಗಂಟೆ ಹಿಂದೆ. ಇಲ್ಲಿಯ ಐದೂವರೆ.

"ನಾನೇ ಅಳಿಸಿದ್ದು," ಎಂದಳು ವರಲಕ್ಷ್ಮಿ. ಡನ್‌ಲ್ಯಾಪಳಿಗೆ ಅರ್ಥವಾಗಲಿಲ್ಲ. "ಕ್ಲೀನ್ ಮಾಡ್ತಾ ಮಾಡ್ತಾ... ನಾನೇ."

ಅವಳ ಪಾಳಿ ಮುಗಿದ ಮೇಲೆ ಮೂರೂವರೆಗೆ ಬದರಿನಾಥ ಬಂದ. ಕಾರಿನಲ್ಲಿ ಕಾದು ಸಾಕಾಗಿ, ಗೊಣಗುತ್ತಾ ಒಳಗೆ ಬಂದವನಿಗೆ ಕಂಡದ್ದು ಊಟದ ಮೇಜಿನ ಮುಂದೆ ಚೊಂಬನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಡತಿ. ಸುತ್ತ ಪೆನ್ಸಿಲ್ ಉಜ್ಜಿದ ಕಾಗದಗಳು. ಊರಿನಿಂದ ಬಂದವರಿಗೆಲ್ಲ ವಾಷಿಂಗ್ಟನ್ ತೋರಿಸುವಾಗ ಆ ಕರಿಯ ಕಲ್ಲಿನ ಗೋಡೆಯ ಹತ್ತಿರ ಅವಳು ನೋಡಿದ್ದಳು. ವಿಯೆಟ್ನಾಮಿನಲ್ಲಿ ಸತ್ತ ಮಗನ ಹೆಸರಿನ ಮೇಲೆ ತಾಯಂದಿರು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಹೆಸರು ಕಾಗದಕ್ಕೆ ಎದ್ದು ಬರುತ್ತದೆ. ಆದರೆ ಆ ಗೋಡೆ ಸಪಾಟು. ಚೊಂಬಿನ ಕತ್ತಿನ ಮೇಲೆ ಕಾಗದ ಜಾರುತ್ತಿತ್ತು, ಹರಿಯುತ್ತಿತ್ತು. ಬರುತ್ತಿದ್ದದ್ದು ಬರೀ ಮಸಿ.

"ಬೆಳಗ್ಗಿಂದ ಏನಾದ್ರೂ ಕುಡಿದ್ಯಾ?" ಎಂದ.

"ಇನ್ನೆರಡು ಗಂಟೆ ಇದೆ ರೀ. ಸುಮ್ನಿರಿ."

"ಫ್ಲಾಸ್ಕಲ್ಲಿ ಹಾಲು ತಂದಿದೀನಿ. ಶಿವನೇನು ಬೇಡ ಅನ್ನಲ್ಲ."

"ಶಿವನ್ನ ಬಿಡಿ. ಈ ಐದನೇದು ನೋಡಿ. ಇದು ಒಂದಾ, ಸೊನ್ನೆನಾ?"

ಅವನು ಕನ್ನಡಕ ಮೇಲೇರಿಸಿ, ಮೂಗು ಚೊಂಬಿಗೆ ತಾಗುವಷ್ಟು ಬಗ್ಗಿ ನೋಡಿದ. "ನನಗೆ ಏನೂ ಇಲ್ಲ ಅನ್ನಿಸ್ತಾ ಇದೆ. ಚೆನ್ನಾಗಿ ಬೆಳಗಿದೀಯಮ್ಮ. ಮನೇಲಿ ನನ್ನ ಕಾಫಿ ಲೋಟ ಇಷ್ಟು ಹೊಳೆದದ್ದು ನೋಡ್ಲೇ ಇಲ್ಲ."

ಅವಳ ಕಣ್ಣಿನಿಂದ ಪಟಪಟನೆ ಎರಡು ಹನಿ ಉದುರಿದವು. ಬದರಿನಾಥ ಗಾಬರಿಯಾಗಿ ಪಕ್ಕದ ಕುರ್ಚಿಯಲ್ಲಿ ಕೂತ. "ಅಯ್ಯೋ, ತಮಾಷೆಗೆ ಅಂದೆ ಕಣೇ."

ಕಣ್ಣೊರೆಸಲು ಕರವಸ್ತ್ರಕ್ಕೆಂದು ಕೈಚೀಲದೊಳಗೆ ಕೈ ಹಾಕಿದಳು. ಬೆರಳು ಕೆಂಪಾಗಿ ಹೊರಗೆ ಬಂತು. ದೇವಸ್ಥಾನದಿಂದ ತಂದ ಕುಂಕುಮದ ಪೊಟ್ಟಣ ಒಡೆದಿತ್ತು. ಬೆರಳ ಗೆರೆಗೆರೆಗಳಲ್ಲೂ ಕೆಂಪು ಹೊಕ್ಕು ಕೂತಿತ್ತು. ಅವಳು ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

ಆಮೇಲೆ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದಳು. ಚಿಟಿಕೆ ಕುಂಕುಮ ತೆಗೆದು, ಚೊಂಬಿನ ಕತ್ತಿಗೆ ಹಚ್ಚಿ, ಹೆಬ್ಬೆರಳಿನಿಂದ ಮೆಲ್ಲಗೆ ತೀಡಿದಳು. ಎರಡು ವರ್ಷ ತಿಕ್ಕಿದ್ದ ಅದೇ ಹೆಬ್ಬೆರಳು. ಈಗ ಹೂವಿನ ಮೇಲೆ ಆಡಿಸಿದಂತೆ ಆಡಿಸಿದಳು. ಬಗ್ಗಿ ಉಫ್ ಎಂದು ಊದಿದಳು. ಮೇಲಿನ ಪುಡಿ ಹಾರಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳಲ್ಲಿ ಕೂತದ್ದು ಮಾತ್ರ ಉಳಿಯಿತು. ಸೂಜಿಯ ಮೊನೆಯಂಥ ಕೆಂಪು ಚುಕ್ಕಿಗಳು.

"ರೀ," ಎಂದಳು, ಉಸಿರು ಬಿಡದೆ. "ಹಿಡ್ಕೊಳ್ಳಿ. ಅಲ್ಲಾಡಿಸ್ಬೇಡಿ."

ಐದನೆಯದರ ಬಾಯಿ ತೆರೆದಂತೆ ಕಂಡಿದ್ದಲ್ಲಿ ಈಗ ಎರಡು ಚುಕ್ಕಿ ಎದ್ದಿದ್ದವು. ಬಾಯಿ ಮುಚ್ಚಿತ್ತು. ಒಂದಲ್ಲ, ಸೊನ್ನೆ. ನಾಲ್ಕನೆಯದು? ಮೂರಕ್ಕೂ ಆರಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ. ಬಾಲವಿರಬೇಕಾದಲ್ಲಿ ಮತ್ತೊಂದು ಚಿಟಿಕೆ ಹಚ್ಚಿ ಊದಿದಳು. ಒಂದು ಚುಕ್ಕಿ. ಅದರ ಮುಂದೆ, ಮಸುಕಾಗಿ, ಇನ್ನೊಂದು.

"ಆರು ಕಣೇ," ಎಂದ ಬದರಿನಾಥ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಾನು ಹೇಳ್ಕೊಟ್ಟ ಹಾಗೆ ಹೇಳ್ಬೇಡಿ. ಕಣ್ಣಿಗೆ ಕಂಡದ್ದು ಹೇಳಿ. ಇದೇ ಕೊನೇದು. ತಪ್ಪಿದ್ರೆ ಮುಗೀತು."

ಅವನು ಮತ್ತೆ ಬಗ್ಗಿದ. ಬೆಳಕಿಗೆ ತಿರುಗಿಸಿದ. "ಆರೇ. ನಮ್ಮಪ್ಪನಾಣೆ."

ಮುಂದಿನ ಒಂದು ಗಂಟೆ ಫೋನಿನದು. ಲೈನು ಎಂಗೇಜು. ಮತ್ತೆ ಎಂಗೇಜು. ಡನ್‌ಲ್ಯಾಪಳ ಬೆರಳು ನೋವೆದ್ದಾಗ ಬದರಿನಾಥ ಕುರ್ಚಿ ಎಳೆದುಕೊಂಡು ತಾನೇ ಒತ್ತತೊಡಗಿದ. ನಾಲ್ಕೂ ಮುಕ್ಕಾಲಿಗೆ ಆ ಬಳಲಿದ ದನಿ ಸಿಕ್ಕಿತು. ನಂಬರು ಬರೆದುಕೊಂಡು, "ಇದು ಯಾವುದರ ಮೇಲಿದೆ ಅಂದಿರಿ?" ಎಂದು ಕೇಳಿತು.

"ನೀರಿನ ಪಾತ್ರೆ ಮೇಲೆ, ಮೇಡಂ," ಎಂದಳು ವರಲಕ್ಷ್ಮಿ. "ನಮ್ಮ ಊರಿನ ಅಂಕಿಗಳಲ್ಲಿ. ಈ ಸಲ ಊಹೆ ಅಲ್ಲ. ನಾನು ನೋಡಿದೀನಿ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು. "ಆಗಲಿ. ನಾನೇ ಕೆಳಗೆ ಹೋಗಿ ನೋಡ್ತೀನಿ."

ಕಿಟಕಿಯ ಆಚೆ ಹೊತ್ತು ಮುಳುಗಿತು. ಪಾರ್ಕಿಂಗಿನ ದೀಪಗಳು ಹತ್ತಿಕೊಂಡವು. ಮನೆಯಲ್ಲಿ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಐದು. ಐದೂ ಕಾಲು. ಶವಸಂಸ್ಕಾರದ ಕಂಪನಿಯವನು ಒಂದು ಸಲ ಫೋನ್ ಮಾಡಿ, ಬೆಳಗ್ಗೆ ಎಂಟಕ್ಕೆ ಕೌಂಟಿಯ ಗಾಡಿ ಬರುತ್ತದೆ, ಏನಾಯಿತು ಎಂದು ಕೇಳಿದ. "ಕಾಯ್ತಾ ಇದೇವೆ," ಎಂದಳು ಡನ್‌ಲ್ಯಾಪ್. ವರಲಕ್ಷ್ಮಿ ಕಣ್ಣು ಮುಚ್ಚಿ ಶಿವಪಂಚಾಕ್ಷರಿಯನ್ನು ಹೇಳಿಕೊಳ್ಳುತ್ತಿದ್ದಳು. ಎಣಿಕೆ ತಪ್ಪಿ ನಡುವೆ ಎಂಟು ಅಂಕಿಗಳು ಬಂದು ಸೇರುತ್ತಿದ್ದವು. ಅವನ್ನೂ ಜಪದೊಳಗೇ ಬಿಟ್ಟುಕೊಂಡಳು.

ಐದು ಇಪ್ಪತ್ತೈದಕ್ಕೆ ಫ್ಯಾಕ್ಸ್ ಯಂತ್ರ ಕಿರುಗುಟ್ಟತೊಡಗಿತು.

ಕಾಗದ ಬಹಳ ನಿಧಾನವಾಗಿ ಇಳಿಯಿತು. ಮೊದಲು ಕಚೇರಿಯ ಮುದ್ರೆ. ಆಮೇಲೆ ಕೊನೆಯ ಸಂಬಳದ ಚೀಟಿಯ ಮಸುಕು ನಕಲು. ಟಿಮನ್ಸ್, ವೆಸ್ಲಿ. ಊರು ಸಮ್ಟರ್. ಗೌರವಪೂರ್ವಕ ಬಿಡುಗಡೆ. ಕೆಳಗೆ ಅಂಚಿನಲ್ಲಿ ಯಾರೋ ಪೆನ್ನಿನಿಂದ ಬರೆದಿದ್ದರು: ಪಾತ್ರೆಯನ್ನು ಜೋಪಾನ ಮಾಡಿ.

ಡನ್‌ಲ್ಯಾಪ್ ಕಾಗದವನ್ನು ಶವಸಂಸ್ಕಾರದ ಕಂಪನಿಗೆ ಕಳಿಸಿದಳು. ಐದು ನಿಮಿಷಕ್ಕೆ ಉತ್ತರ ಬಂತು. ಇಷ್ಟು ಸಾಕು, ಸ್ಮಶಾನ ತೆರೆಯುವ ತನಕ ಅವರು ಇಲ್ಲೇ ಇರುತ್ತಾರೆ, ಕೌಂಟಿಯ ಗಾಡಿ ಬೇಡ. ಬದರಿನಾಥ ಫ್ಲಾಸ್ಕಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ ಹೆಂಡತಿಯ ಮುಂದಿಟ್ಟ. ಅವಳು ಕುಡಿಯಲಿಲ್ಲ. ಮನೆಗೆ ಹೋಗಿ, ಕೈಕಾಲು ತೊಳೆದು, ತಡವಾದ ದೀಪ ಹಚ್ಚಿ, ಆಮೇಲೇ ಕುಡಿದಳು.

ಮುಂದಿನ ಸೋಮವಾರ, ಕಾರ್ತಿಕದ ಕೊನೆಯ ಸೋಮವಾರ, ಕ್ವಾಂಟಿಕೋದಲ್ಲಿ ಮಣ್ಣು ಮಾಡಿದರು. ಸರ್ಕಾರ ಅವತ್ತು ಮತ್ತೆ ಬಾಗಿಲು ತೆರೆದಿತ್ತು. ಬಂದವರು ಐದೇ ಜನ. ಅವರಲ್ಲಿ ಇಬ್ಬರು ಟೋಪಿ ತೊಟ್ಟ ಮುದಿ ಸೈನಿಕರು. ಟಿಮನ್ಸರನ್ನು ಕಂಡವರಲ್ಲ, ಯಾರೂ ಇಲ್ಲದವರಿಗೆಂದೇ ಬರುವವರು. ಪೆಟ್ಟಿಗೆಯ ಮೇಲಿನ ಬಾವುಟವನ್ನು ತ್ರಿಕೋನವಾಗಿ ಮಡಿಸಿ, ಯಾರಿಗೆ ಕೊಡುವುದೆಂದು ತಿಳಿಯದೆ ಸುತ್ತ ನೋಡಿದರು. ಡನ್‌ಲ್ಯಾಪ್ ವರಲಕ್ಷ್ಮಿಯ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮುದಿ ಸೈನಿಕ ಸೆಲ್ಯೂಟ್ ಹೊಡೆದಾಗ ಏನು ಮಾಡಬೇಕೆಂದು ತೋಚದೆ ಕೈ ಮುಗಿದಳು.

ಚೊಂಬು ಈಗ ಅವಳ ಮನೆಯಲ್ಲಿದೆ. ಯುಗಾದಿಗೆ ಬಂದ ಜಯಾ ದೇವರ ಗೂಡಿನಲ್ಲಿ ಅದನ್ನು ಕಂಡಳು. "ಇದ್ಯಾಕ್ರೀ ಇಷ್ಟು ಕಪ್ಪಾಗಿದೆ? ಮಿಕ್ಕಿದ್ದೆಲ್ಲ ಫಳಫಳ ಅಂತಿದೆ. ಕೊಡಿ, ಎರಡು ನಿಮಿಷ ಹುಣಸೆಹಣ್ಣು ಹಾಕಿ ಉಜ್ಜಿ ಕೊಡ್ತೀನಿ."

"ಬೇಡ ಜಯಾ," ಎಂದಳು ವರಲಕ್ಷ್ಮಿ, ಚೊಂಬನ್ನು ತನ್ನ ಕಡೆಗೆ ಸರಿಸಿಕೊಳ್ಳುತ್ತ. "ಅದು ಒಬ್ಬರ ಹೆಸರು."